ಮಾರಿಗಿ ಹಚ್ಚೋ ಟ್ಯೂಬಿನ ಹಿಂದ ಏನ್ ಬರದದ?

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಈಗ ಚರ್ಮದ ಚರ್ಚೆ ಜೋರು. ನಿಯಾಸಿನಮೈಡ್ ಶೇ. 5 ಸಾಕೋ 10 ಬೇಕೋ, ವಿಟಮಿನ್ ಸಿ ಮುಂಜಾನೆ ಹಚ್ಚಬೇಕೋ ರಾತ್ರಿಯೋ ಅಂತ ಕೋಡ್ ರಿವ್ಯೂಗಿಂತ ಹೆಚ್ಚು ಶ್ರದ್ಧೆಯಿಂದ ವಾದ ಮಾಡ್ತಾರೆ. ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಾರಿಗೆ ಏನು ಹಚ್ಚಬೇಕು ಅಂತ ತೀರ್ಮಾನ ಮಾಡೋನು ಮೆಡಿಕಲ್ ಅಂಗಡಿ ಕೌಂಟರಿನ ಹಿಂದೆ ನಿಂತ ಹುಡುಗ. "ಬಂಗು ಆಗ್ಯದ್ರಿ, ಏನರೆ ಕೊಡ್ರಿ" ಅಂದ್ರ ಸಾಕು, ಒಂದು ಟ್ಯೂಬ್ ಕೈಗೆ ಬರ್ತದ. ಅದರಾಗ ಏನದ ಅಂತ ಕೇಳೋರಿಲ್ಲ, ಹೇಳೋರೂ ಇಲ್ಲ. ನನ್ನ ತಕರಾರು ಇರೋದು ಅಲ್ಲಿ.

ಸೌಂದರ್ಯವರ್ಧಕದ ಡಬ್ಬಿ ಹಿಂದೆ ಇರೋ ಸಾಲಿಗೆ ಒಂದು ನಿಯಮ ಅದ. ತೂಕದಲ್ಲಿ ಹೆಚ್ಚಿರೋದು ಮೊದಲು, ಕಮ್ಮಿ ಇರೋದು ಆಮೇಲೆ. ಶೇ. 1ಕ್ಕಿಂತ ಕಮ್ಮಿ ಇರೋವು ಕೊನೆಗೆ ಹೆಂಗ ಬೇಕಾದ್ರೂ ಬರಬಹುದು. ಇಷ್ಟು ಗೊತ್ತಿದ್ರೆ ಅರ್ಧ ಜಾಹೀರಾತು ಅಲ್ಲೇ ಬಿದ್ದು ಹೋಗ್ತದ. ಡಬ್ಬಿ ಮುಂದೆ ಕೇಸರಿ, ಬಾದಾಮಿ ಚಿತ್ರ ಇರ್ತದ. ಹಿಂದೆ ಓದಿದ್ರೆ ಮೊದಲು ನೀರು, ಆಮೇಲೆ ಸ್ಟಿಯರಿಕ್ ಆಸಿಡ್, ಗ್ಲಿಸರಿನ್. ಕೇಸರಿ ಎಲ್ಲೋ ಬಾಲದ ತುದಿಗೆ, ಸುಗಂಧದ ನೆರೆಮನೆಯಲ್ಲಿ.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಹೆಸರು ತೊಳೆದುಕೊಂಡರು, ಒಳ್ಳೇದು. ಒಳಗೆ ಬೆಳ್ಳಗೆ ಮಾಡೋ ಸರಕು ಅಂತ ಹೇಳ್ತಾ ಬಂದದ್ದು ನಿಯಾಸಿನಮೈಡ್, ಅಂದ್ರೆ ಬಿ3 ವಿಟಮಿನ್. ಅದು ಕೆಟ್ಟದ್ದಲ್ಲ. ಚರ್ಮದಲ್ಲಿ ಬಣ್ಣ ತಯಾರಾಗೋದನ್ನ ಅದು ನಿಲ್ಲಿಸೋದಿಲ್ಲ. ತಯಾರಾದ ಬಣ್ಣ ಮೇಲಿನ ಕೋಶಗಳಿಗೆ ಸಾಗೋದನ್ನ ಸ್ವಲ್ಪ ತಡೀತದ. ಹಚ್ಚೋದು ಬಿಟ್ಟರೆ ಸಾಗಾಣಿಕೆ ಮತ್ತೆ ಶುರು. ಅಂದ್ರ ಕಲೆ ತುಸು ತಿಳಿ ಆಗಬಹುದು, ಹುಟ್ಟಿದ ಬಣ್ಣ ಬದಲಾಗೋದಿಲ್ಲ. ಇದಕ್ಕಿಂತ ಪ್ರಾಮಾಣಿಕ ಸಾಮಾನು ಅಂದ್ರೆ ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಮ್ಮವ್ವ ಹಚ್ಚೋ ವ್ಯಾಸಲೀನು. ಪೆಟ್ರೋಲಿಯಂ ಜೆಲ್ಲಿ ಚರ್ಮದ ನೀರು ಆರಿ ಹೋಗದಂಗ ಮುಚ್ಚಳ ಹಾಕ್ತದ. ಬೆಳ್ಳಗೆ ಮಾಡ್ತೀನಿ ಅಂತ ಅದು ಯಾರಿಗೂ ಮಾತು ಕೊಟ್ಟಿಲ್ಲ.

ಮೋಸ ಇರೋದು ಮೂರನೇ ಟ್ಯೂಬಿನಲ್ಲಿ. ಅದು ಸೌಂದರ್ಯವರ್ಧಕವೇ ಅಲ್ಲ, ಔಷಧಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ — ಇವು ಸ್ಟೆರಾಯ್ಡ್. ಇಸಬು, ಸೋರಿಯಾಸಿಸ್‌ಗೆ ಡಾಕ್ಟರು ಅಳತೆ ಹೇಳಿ, ದಿನ ಲೆಕ್ಕ ಹಾಕಿ ಕೊಟ್ಟರೆ ವರ. ಬಂಗಿಗಂತೂ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟೆರಾಯ್ಡ್ ಕಲಸಿದ ಟ್ಯೂಬೇ ಅದ. ಅದನ್ನೂ ಕೆಲವು ವಾರಕ್ಕಂತ ಮಾಡ್ಯಾರ, ಸ್ನೋ ಹಚ್ಚಿದಂಗ ವರ್ಷಗಟ್ಟಲೆ ಹಚ್ಚಲಿಕ್ಕಲ್ಲ.

ನಮ್ಮ ವೈನಿ ಇಂಥದ್ದೊಂದು ಟ್ಯೂಬ್ ವರ್ಷೊಪ್ಪತ್ತು ಹಚ್ಚಿದ್ರು. ಮೊದಲ ತಿಂಗಳು ಮಾರಿ ಫಳಫಳ, ಓಣಿಯವರೆಲ್ಲ ಹೆಸರು ಕೇಳಿ ಬರೆಸಿಕೊಂಡು ಹೋದ್ರು. ಆಮೇಲೆ ಕೆನ್ನೆ ತೆಳ್ಳಗಾಗಿ ಕೆಂಪು ನರ ಕಾಣಲಿಕ್ಕತ್ತಿದವು, ಗದ್ದಕ್ಕೆ ಕೂದಲು ಬಂದ್ವು, ಒಲೆ ಮುಂದೆ ಕುಂತರೆ ಉರಿ. ಬಿಟ್ಟರೆ ಇನ್ನೂ ಉರಿ, ಹಚ್ಚಿದ್ರೆ ತಣ್ಣಗೆ. ಚರ್ಮ ಆ ಟ್ಯೂಬಿನ ಚಟಕ್ಕೆ ಬಿದ್ದಿತ್ತು. ಇದಕ್ಕೆ ನಮ್ಮ ದೇಶದ ಚರ್ಮ ವೈದ್ಯರು 'ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ' ಅಂತಲೇ ಹೆಸರಿಟ್ಟಾರ. ಗಜಕರ್ಣಕ್ಕೆ ಹಚ್ಚಿದ್ರಂತೂ ಕತೆ ಇನ್ನೂ ಕೆಟ್ಟದ್ದು: ತುರಿಕೆ ನಿಲ್ತದ, ಕೆಂಪು ಮಾಯ ಆಗ್ತದ, ಒಳಗೆ ಫಂಗಸ್ ಆರಾಮ್ ಹರಡ್ತದ.

2018ರ ತನಕ ಕಾನೂನಿನಲ್ಲೇ ಸಂದಿ ಇತ್ತು, ಮೇಲೆ ಹಚ್ಚೋ ಸ್ಟೆರಾಯ್ಡಿಗೆ ಚೀಟಿ ಬೇಕಿರಲಿಲ್ಲ. ಚರ್ಮ ವೈದ್ಯರ ಸಂಘ ಬೆನ್ನು ಹತ್ತಿದ ಮೇಲೆ ಕೇಂದ್ರ ಸರ್ಕಾರ ಆ ವರ್ಷ ಅವನ್ನ ಶೆಡ್ಯೂಲ್ ಎಚ್‌ಗೆ ಹಾಕಿತು. ಡಾಕ್ಟರ ಚೀಟಿ ಇಲ್ಲದೆ ಮಾರೋ ಹಂಗಿಲ್ಲ. ಕಾಗದದ ಮೇಲೆ.

"ಓದಿದ ಮಂದಿ ಡಬ್ಬಿ ಓದಿ ತಗೋಬೇಕ್ರೀ" ಅಂತ ಬುದ್ಧಿ ಹೇಳೋರು ಬಹಳ. ಬಿ.ಇ. ಮಾಡಿದ ನನಗೇ ಆ ಇರುವೆ ಸಾಲಿನಂಥ ಇಂಗ್ಲಿಷು ಓದಲಿಕ್ಕೆ ಫೋನಿನ ಕ್ಯಾಮೆರಾ ಹಿಗ್ಗಿಸಬೇಕು. ದಿನವೆಲ್ಲ ತೊಗರಿ ಹೊಲದಲ್ಲಿ ದುಡಿಯೋ ಅಕ್ಕನ ಮೇಲೆ ಆ ಜವಾಬ್ದಾರಿ ಹೊರಿಸೋದು ಸೋಗಲಾಡಿತನ. ಇನ್ನು "ಮಂದಿ ಬೆಳ್ಳಗಾಗಲಿಕ್ಕೆ ಯಾಕ ಸಾಯ್ತಾರ" ಅಂತ ನಗೋರು, ಕನ್ಯೆ ನೋಡಲಿಕ್ಕೆ ಹೋದಾಗ "ಹುಡುಗಿ ಸ್ವಲ್ಪ ಕಪ್ಪು" ಅಂದು ಚಹಾ ಕುಡಿದು ಎದ್ದು ಬಂದೋರೇ.

ಬಂಗಿಗೆ ಮೊದಲ ಮದ್ದು ಬಿಸಿಲು ತಪ್ಪಿಸೋದು. ಸನ್‌ಸ್ಕ್ರೀನ್ ಹಚ್ಚಿ ಅಂತ ನಮ್ಮ ಆಫೀಸಿನವರು ಸಲೀಸಾಗಿ ಅಂತಾರೆ. ಲೆಕ್ಕ ಹಾಕ್ರಿ: ಡಬ್ಬಿ ಮೇಲಿನ ಎಸ್‌ಪಿಎಫ್ ಸಿಗಬೇಕಂದ್ರೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು. ಮಾರಿಗೆ ಒಂದು ಸಲಕ್ಕೆ ಒಂದು ಗ್ರಾಮಿಗಿಂತ ಹೆಚ್ಚೇ ಬೇಕು. ಬೆವರಿನಲ್ಲಿ ದಿನಕ್ಕೆ ಮೂರು ಸಲ ಹಚ್ಚಿದ್ರೆ 50 ಗ್ರಾಂ ಟ್ಯೂಬ್ ಎರಡು ವಾರಕ್ಕೆ ಖಾಲಿ. ಕೂಲಿಯವರಿಗೆ ಇದು ಆಗದ ಮಾತು. ತಲೆ ತುಂಬ ಸೆರಗು, ಮೂಗಿನ ತನಕ ದಪ್ಪನೆ ಅರಿವೆ ಸುತ್ತಿಕೊಂಡು ಹೋಗೋ ನಮ್ಮ ಹೆಣ್ಮಕ್ಕಳ ಪದ್ಧತಿ ಇದೆಯಲ್ಲ, ಅದು ಅಗ್ಗದ ಸನ್‌ಸ್ಕ್ರೀನ್. ಬೆವರಿನಲ್ಲಿ ತೊಳೆದು ಹೋಗೋದಿಲ್ಲ.

ಇಂಗ್ಲಿಷ್ ಕಷ್ಟ ಅನ್ನೋರಿಗೆ ಒಂದು ಗುರುತು: ಔಷಧದ ಹೆಸರಿನ ಕೊನೆಗೆ 'ಸೋನ್' ಅಥವಾ 'ಬೆಟಾಸಾಲ್' ಅಂತ ಬಂದ್ರೆ ಅಂಗಡಿಯಲ್ಲೇ ವಾಪಸ್ ಕೊಟ್ಟು ಬರ್ರಿ. ಈಗಾಗಲೇ ಬಹಳ ದಿನದಿಂದ ಹಚ್ಚಲಿಕ್ಕತ್ತಿದ್ರೆ ಇದನ್ನ ಓದಿ ಒಮ್ಮೆಲೇ ಬಿಡಬ್ಯಾಡ್ರಿ, ಉರಿ ಏರ್ತದ. ಕಲಬುರಗಿಯ ಸರ್ಕಾರಿ ದವಾಖಾನೆಗೆ ಹೋಗಿ ಚರ್ಮದ ಡಾಕ್ಟರಿಗೆ ಆ ಟ್ಯೂಬನ್ನೇ ತೋರಿಸ್ರಿ. ಆಶಾ ಕಾರ್ಯಕರ್ತೆಯರಿಗೆ ಈ ನಾಲ್ಕು ಹೆಸರು ಕಲಿಸಲಿಕ್ಕೆ ಒಂದು ಮಧ್ಯಾಹ್ನ ಸಾಕು. ಔಷಧ ನಿಯಂತ್ರಣದವರು ತಾಲೂಕಿಗೆ ಬಂದಾಗ ಗೋಡೆ ಮೇಲಿನ ಲೈಸೆನ್ಸ್ ಅಷ್ಟೇ ನೋಡಿ ಹೋಗಬ್ಯಾಡ್ರಿ. ಅಂಗಡಿಗೆ ಎಷ್ಟು ಸ್ಟೆರಾಯ್ಡ್ ಟ್ಯೂಬ್ ಬಂದಾವ, ಅದಕ್ಕೆ ಎಷ್ಟು ಚೀಟಿ ಅದಾವ, ಎರಡೂ ಎದುರಿಗೆ ಇಟ್ಟು ತಾಳೆ ನೋಡ್ರಿ.