ರೋಗಿಯ ಮಾತೂ ವೈದ್ಯವಿದ್ಯಾರ್ಥಿಯ ಕಿವಿಯೂ

ವೈದ್ಯಶಾಸ್ತ್ರದಲ್ಲಿ ಯಂತ್ರಗಳು ಹೆಚ್ಚಿದಂತೆಲ್ಲ, ರೋಗಿಯನ್ನು ಮಾತನಾಡಿಸುವದೂ ಮುಟ್ಟಿ ನೋಡುವದೂ ಹಳೆಯ ಕಾಲದ ಮರ್ಯಾದೆಗಳಾಗಿ ಉಳಿದಿವೆಯೆಂದು ತಿಳಿಯುವವರ ಸಂಖ್ಯೆಯು ಸುಶಿಕ್ಷಿತರಲ್ಲಿಯೂ ಬೆಳೆಯುತ್ತಲಿದೆ. ಎದೆನೋವೆಂದು ಹೋದವನಿಗೆ ವೈದ್ಯನು ಹತ್ತು ಪ್ರಶ್ನೆಗಳನ್ನು ಕೇಳಿದರೆ ‘ಇವನಿಗೇನೂ ತಿಳಿಯದು’ ಎಂದೂ, ಒಂದನ್ನೂ ಕೇಳದೆ ಸ್ಕ್ಯಾನಿಂಗಿಗೆ ಚೀಟಿ ಬರೆದುಕೊಟ್ಟರೆ ‘ಬಲು ಜಾಣ’ ಎಂದೂ ಮನೆಮನೆಗಳಲ್ಲಿ ಮಾತು ನಡೆಯುತ್ತದೆ. ಈ ಅಭಿಪ್ರಾಯವು ತಪ್ಪಾದುದಷ್ಟೇ ಅಲ್ಲ, ಅಪಾಯಕರವೂ ಆಗಿದೆ. ಆ ಅಪಾಯವು ವಿಜಯಪುರದಂಥ ಜಿಲ್ಲೆಯಲ್ಲಿ ಮತ್ತಷ್ಟು ಹೆಚ್ಚು.

ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಮಹಾವಿದ್ಯಾಲಯಗಳಿವೆ. 1984ರಲ್ಲಿ ಅಲ್-ಅಮೀನ್ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು ಹುಟ್ಟಿದವು. ಅಖಿಲ ಭಾರತದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣರು ಇಲ್ಲಿಗೆ ದೂರದೂರದ ಪ್ರಾಂತಗಳಿಂದ ಬರುತ್ತಾರೆ. ಅಥಣಿಯ ದಾರಿಯ ತಿಕೋಟಾದಿಂದಲೂ ಜಮಖಂಡಿಯ ದಾರಿಯ ಬಬಲೇಶ್ವರದಿಂದಲೂ ರೋಗಿಗಳು ಬರುತ್ತಾರೆ. ಇವರಿಬ್ಬರ ನಡುವೆ ಹಾಸಿಗೆಯ ಮಗ್ಗುಲಲ್ಲಿ ನಡೆಯುವ ಸಂಭಾಷಣೆಯ ಮೇಲೆಯೇ ಅನೇಕ ಪ್ರಾಣಗಳು ನಿಂತಿರುತ್ತವೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ತಿಕೋಟಾದ ಸುತ್ತಲಿನ ದ್ರಾಕ್ಷಿಯ ತೋಟದಲ್ಲಿ ದುಡಿಯುವವನೊಬ್ಬನನ್ನು ಸಂಜೆ ದವಾಖಾನೆಗೆ ತಂದರೆಂದು ಇಟ್ಟುಕೊಳ್ಳಿರಿ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಹೊಟ್ಟೆಯಲ್ಲಿ ಸೆಳೆತ, ಮಾತು ತೊದಲು. ಏನಾಯಿತೆಂದು ಕೇಳಿದರೆ ‘ಮುಂಜಾನಿಂದ ಎಣ್ಣಿ ಹೊಡದೀನ್ರಿ’ ಎನ್ನುತ್ತಾನೆ. ಬೆಂಗಳೂರಿನ ಬೀದಿಯ ಕನ್ನಡವನ್ನು ಮಾತ್ರ ಬಲ್ಲ ವಿದ್ಯಾರ್ಥಿಯು ಇದನ್ನು ಕೇಳಿ ನಕ್ಕು, ‘ಮದ್ಯಪಾನಿ’ ಎಂದು ಬರೆದುಕೊಳ್ಳುತ್ತಾನೆ. ಈ ಸೀಮೆಯ ಒಕ್ಕಲಿಗನ ಬಾಯಲ್ಲಿಯಾದರೋ ಎಣ್ಣಿ ಹೊಡೆಯುವದೆಂದರೆ ಬೆಳೆಗೆ ಕೀಟನಾಶಕವನ್ನು ಸಿಂಪಡಿಸುವದು! ‘ಯಾವುದಕ್ಕ ಹೊಡದ್ರಿ, ಎಷ್ಟೊತ್ತು ಹೊಡದ್ರಿ ಯಪ್ಪಾ?’ ಎಂಬ ಇನ್ನೊಂದು ಪ್ರಶ್ನೆಯನ್ನು ಕೇಳಿದ್ದರೆ ವಿಷದ ಹೆಸರೇ ಹೊರಗೆ ಬರುತ್ತಿತ್ತು. ಬಳಿಕ ಕಣ್ಣಿನ ರೆಪ್ಪೆಯನ್ನೆತ್ತಿ ನೋಡಿದರೆ ಪಾಪೆಯು ಸೂಜಿಯ ಮೊನೆಯಷ್ಟಾಗಿರುವದೂ, ಎದೆಗೆ ಸ್ಟೆಥೊಸ್ಕೋಪ್ ಇಟ್ಟರೆ ಒಳಗೆ ನೀರು ಗುಳುಗುಳಿಸಿದಂಥ ಸಪ್ಪಳವೂ ತಿಳಿಯುತ್ತಿದ್ದವು. ಆರ್ಗನೊಫಾಸ್ಫರಸ್ ಜಾತಿಯ ವಿಷಕ್ಕೆ ಅಟ್ರೋಪೀನನ್ನು ರಕ್ತಪರೀಕ್ಷೆಯ ವರದಿ ಬರುವ ವರೆಗೆ ತಡೆಯದೆ ಆ ಕ್ಷಣವೇ ಕೊಡಬೇಕಾಗುತ್ತದೆ. ಇಲ್ಲಿ ಜೀವವನ್ನುಳಿಸುವ ಮೊದಲ ಸಾಧನವು ಯಂತ್ರವಲ್ಲ, ಎರಡು ಶಬ್ದಗಳ ಸರಿಯಾದ ಅರ್ಥವು.

ಇಂಥ ಶಬ್ದಗಳು ಒಂದೆರಡಲ್ಲ. ಮೈಸೂರಿನವನಿಗೆ ‘ತಿಂಡಿ’ಯೆಂದರೆ ಉಪಾಹಾರ, ಇಲ್ಲಿಯ ಮುದುಕಿಯು ‘ಮೈಯೆಲ್ಲಾ ತಿಂಡಿ’ ಎಂದರೆ ಅದು ತುರಿಕೆ. ‘ಹೊಟ್ಟಿ ಕಡೀತದ’ ಎಂದರೆ ಒಳಗಿನ ನೋವು. ತೆಂಕಣವನಿಗೆ ‘ಕಡಿತ’ವೇ ತುರಿಕೆ. ‘ದಮ್ಮು’, ‘ಜುಮ್ಮು’, ‘ಬ್ಯಾನಿ’, ‘ಸೆಳಕು’ ಇವುಗಳೊಳಗಿನ ಭೇದವನ್ನರಿಯದವನು ಉಸಿರಿನ ರೋಗವನ್ನೂ ನರದ ರೋಗವನ್ನೂ ಬೇರ್ಪಡಿಸುವ ಬಗೆ ಹೇಗೆ? ನಗರದ ದಖನಿ ಉರ್ದು, ತಾಂಡೆಗಳ ಲಂಬಾಣಿ, ಗಡಿಯ ಮರಾಠಿ ಇವು ಮತ್ತೆ ಬೇರೆ. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ಮೊದಲ ವರ್ಷದ ಆರಂಭದಲ್ಲಿಯೇ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂದು ವಿಧಿಸಿರುವದು ಯೋಗ್ಯವೇ ಸರಿ. ಆದರೆ ‘ತಮ್ಮ ನಾಮಧೇಯವೇನು’ ಎಂಬ ಜಾತಿಯ ಗ್ರಾಂಥಿಕ ಕನ್ನಡವನ್ನು ಬಾಯಿಪಾಠ ಮಾಡಿ ಬಂದವನ ಮುಂದೆ ಬಬಲೇಶ್ವರದ ಹೆಣ್ಣುಮಗಳು ಬಾಯಿ ಬಿಡಲಾರಳು. ಅತ್ತೆಯು ಪಕ್ಕದಲ್ಲಿ, ಆರು ಜನ ತರುಣರು ಸುತ್ತಲೂ ನಿಂತಿರುವಾಗ ಅವಳು ‘ಸೊಂಟ ಬ್ಯಾನಿರಿ’ ಎಂದಷ್ಟೇ ಹೇಳುತ್ತಾಳೆ. ತೆರೆಯನ್ನೆಳೆದು, ಗಂಡಸರನ್ನು ಹೊರಗೆ ಕಳಿಸಿ, ವಿದ್ಯಾರ್ಥಿನಿಯೊಬ್ಬಳು ‘ಏನವ್ವಾ, ಬಿಳಿ ಹೋಗತದೇನು?’ ಎಂದು ತಗ್ಗಿದ ದನಿಯಲ್ಲಿ ಕೇಳಿದಾಗಲೇ ನಿಜವಾದ ರೋಗವೃತ್ತಾಂತವು ಆರಂಭವಾಗುವದು.

ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೂ ಅಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂದು ಚರಕಸಂಹಿತೆಯು ಪರೀಕ್ಷೆಯ ಮೂರು ಬಗೆಗಳನ್ನು ಹೇಳಿದೆ. ಸುಶ್ರುತಸಂಹಿತೆಯು ಪಂಚೇಂದ್ರಿಯಗಳ ಜೊತೆಗೆ ಪ್ರಶ್ನವನ್ನು ಆರನೆಯ ಉಪಾಯವಾಗಿ ಎಣಿಸಿದೆ. ಹಳೆಯ ಗ್ರಂಥಗಳ ಮಾತಿಗೆ ತಲೆದೂಗದವರು 1975ರಲ್ಲಿ ಇಂಗ್ಲಂಡದ ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಶೋಧನೆಯನ್ನಾದರೂ ನೋಡಬೇಕು. ಹೊಸದಾಗಿ ಬಂದ 80 ಹೊರರೋಗಿಗಳಲ್ಲಿ 66 ಜನರ ರೋಗವು, ಅವರನ್ನು ಕಳಿಸಿದ ವೈದ್ಯನ ಪತ್ರದಿಂದಲೂ ಅವರ ಬಾಯಿಮಾತಿನಿಂದಲೂ ಸರಿಯಾಗಿ ಗೊತ್ತಾಯಿತು. ದೇಹಪರೀಕ್ಷೆಯಿಂದ ನಿರ್ಣಯವು ಬದಲಾದುದು 7 ಜನರಲ್ಲಿ, ಪ್ರಯೋಗಶಾಲೆಯಿಂದ ಮತ್ತೆ 7 ಜನರಲ್ಲಿ. ಹಾಗಾದರೆ ಮುಟ್ಟಿ ನೋಡುವದೂ ವ್ಯರ್ಥವೇ ಎಂದು ಕೇಳಬಹುದು. ಅವರು ಪತ್ರವನ್ನು ಹಿಡಿದು ನಡೆದು ಬಂದ ರೋಗಿಗಳು. ಮಾತು ತೊದಲಿ ಮಲಗಿದ ಕೂಲಿಕಾರನ ವಿಷಯದಲ್ಲಿ ಕೈಯೂ ಕಣ್ಣೂ ನಾಲಿಗೆಯ ಕೆಲಸವನ್ನು ಮಾಡಬೇಕಾಗುತ್ತದೆ.

ಆ ಕೈಯು ಪುಸ್ತಕದಿಂದ ಪಳಗುವಂಥದಲ್ಲ. ಹೊಟ್ಟೆಯನ್ನು ಒತ್ತಿ ನೋಡುವಾಗ ಮೊದಲು ಅಂಗೈಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ನೋವಿಲ್ಲದ ಕಡೆಯಿಂದ ಆರಂಭಿಸಬೇಕು. ಕಣ್ಣು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿರಬೇಕು. ಎದೆಯ ಮೇಲೆ ಎಡಗೈಯ ಬೆರಳನ್ನಿಟ್ಟು ಬಲಗೈಯ ಬೆರಳಿನಿಂದ ತಟ್ಟುವ ಪದ್ಧತಿಯನ್ನು ನೋಡಿರಿ. ತಟ್ಟಿ ನೋಡುವದನ್ನು 1761ರಲ್ಲಿ ಪ್ರಕಟಿಸಿದ ಆಸ್ಟ್ರಿಯದ ಆವೆನ್‌ಬ್ರುಗರನು ಛತ್ರದವನ ಮಗನು. ತಂದೆಯು ಮದ್ಯದ ಪೀಪಾಯಿಗಳನ್ನು ತಟ್ಟಿ ಎಷ್ಟು ತುಂಬಿವೆಯೆಂದು ತಿಳಿಯುತ್ತಿದ್ದುದೇ ಅವನಿಗೆ ದಾರಿತೋರಿತೆಂದು ಹೇಳುವರು. ಸಂತೆಯಲ್ಲಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ, ಸೀಳಿದೆಯೋ ಇಲ್ಲವೋ ಎಂದು ಕಿವಿಗೊಡುವ ಗೃಹಿಣಿಗೆ ಈ ವಿದ್ಯೆಯ ಮೂಲವು ಯಾವ ಕಾಲೇಜಿಲ್ಲದೆಯೂ ತಿಳಿದಿದೆ. ಗಾಳಿ ತುಂಬಿದ ಶ್ವಾಸಕೋಶದ ದನಿ ಒಂದು, ನೀರು ನಿಂತ ಕಡೆಯ ದನಿ ಒಂದು. ನೂರು ಎದೆಗಳನ್ನು ತಟ್ಟಿದ ಬಳಿಕವೇ ಆ ಭೇದವು ಬೆರಳಿಗೆ ಹತ್ತುವದು.

ನೂರು ಎದೆಗಳನ್ನು ತಟ್ಟುವ ವ್ಯವಧಾನವನ್ನು ಇಂದಿನ ವಿದ್ಯಾರ್ಥಿಗೆ ಯಾರು ಕೊಟ್ಟಿದ್ದಾರೆ? ಅವನ ಭವಿಷ್ಯವನ್ನು ನಿರ್ಧರಿಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ 200 ಪ್ರಶ್ನೆಗಳು, ಮೂರೂವರೆ ತಾಸು, ಗಣಕಯಂತ್ರದೆದುರು ನಾಲ್ಕರಲ್ಲಿ ಒಂದನ್ನು ಆರಿಸುವದು. ಅದರಲ್ಲಿ ರೋಗಿಯನ್ನು ಮುಟ್ಟುವ ಪ್ರಸಂಗವೇ ಇಲ್ಲ. ಇಂಥ ತಕ್ಕಡಿಯನ್ನು ಕಟ್ಟಿಟ್ಟು, ವಿದ್ಯಾರ್ಥಿಯು ವಾರ್ಡಿನ ಮೂಲೆಯಲ್ಲಿ ಮೊಬೈಲಿನೊಳಗಿನ ಪ್ರಶ್ನೆಗಳಲ್ಲಿ ಮುಳುಗಿದನೆಂದು ಬಯ್ಯುವದು ನ್ಯಾಯವಲ್ಲ. ದೇಶದೆಲ್ಲೆಡೆ ನಡೆಯುವ ಅಂತಿಮ ವರ್ಷದ ಪರೀಕ್ಷೆಗಳಲ್ಲಾದರೋ ಒಂದು ವಿನೋದವಿದೆ. ಗುಲ್ಮವು ಬೆಳೆದ ರೋಗಿಯೊಬ್ಬನನ್ನು ಇಪ್ಪತ್ತು ಜನರು ಸರದಿಯಿಂದ ಒತ್ತಿ ನೋಡಿದ ಮೇಲೆ, ಇಪ್ಪತ್ತೊಂದನೆಯವನಿಗೆ ಅವನೇ ಕನಿಕರದಿಂದ ಉತ್ತರವನ್ನು ಪಿಸುಗುಟ್ಟುತ್ತಾನೆ. ಆ ಪರೀಕ್ಷೆಯಲ್ಲಿ ನಿಜವಾಗಿ ತೇರ್ಗಡೆಯಾದವನು ರೋಗಿಯೇ.

ಯಂತ್ರಗಳ ಪಕ್ಷದವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆರಳಿಗೆ ಸಿಕ್ಕದ ಸಣ್ಣ ಗಂಟನ್ನು ಸ್ಕ್ಯಾನಿಂಗ್ ಕಾಣುತ್ತದೆ. ಹೃದಯದ ಕವಾಟದ ದೋಷವನ್ನು ಎಕೋ ಯಂತ್ರವು ಕಿವಿಗಿಂತ ಖಚಿತವಾಗಿ ಅಳೆಯುತ್ತದೆ. ಆದರೆ ಯಾವ ರೋಗಿಯನ್ನು ಯಾವ ಯಂತ್ರದೆಡೆಗೆ ಕಳಿಸಬೇಕೆಂಬದನ್ನು ಯಂತ್ರವು ಹೇಳದು. ಅದನ್ನು ಹೇಳಬಲ್ಲವನು ಇಲ್ಲದಾಗ ಎಲ್ಲರನ್ನೂ ಎಲ್ಲದಕ್ಕೂ ಕಳಿಸುವ ಪರಿಪಾಠ ಬೀಳುತ್ತದೆ, ಮತ್ತು ಅದರ ಹಣವನ್ನು ದಿನಗೂಲಿಯವನು ಸಾಲ ತಂದು ತೆರುತ್ತಾನೆ. ಹೊರರೋಗಿಗಳ ಸಾಲಿನಲ್ಲಿ ಹಿರಿಯ ವೈದ್ಯನಿಗೆ ಬಿಡುವಿಲ್ಲವೆಂಬದೂ ನಿಜ. ಇಡೀ ದವಾಖಾನೆಯಲ್ಲಿ ಒಬ್ಬ ರೋಗಿಯ ಮುಂದೆ ಒಂದು ತಾಸು ಕೂಡ್ರಬಲ್ಲವನು ವಿದ್ಯಾರ್ಥಿಯೊಬ್ಬನೇ. ಅವನು ಬರೆದ ವೃತ್ತಾಂತವನ್ನು ಹಿರಿಯರು ರೋಗಿಯ ಮುಂದೆಯೇ ಓದಿ ತಿದ್ದಬೇಕು; ಅಂಗೈಯ ಕೌಶಲವನ್ನು ನಿಂತು ನೋಡದೆ ದಿನಚರಿಯ ಪುಸ್ತಕಕ್ಕೆ ಸಹಿ ಹಾಕಬಾರದು.

ಸಾಹಿತ್ಯದ ಸಭೆಗಳಿಗೂ ಇದರಲ್ಲಿ ಪಾಲಿದೆ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರಾಗಿದ್ದರೂ ಮನೆಮನೆಗೆ ಹೋಗಿ ಓಲೆಗರಿಗಳನ್ನು ಕೇಳಿ ತಂದು ವಚನಗಳನ್ನು ಉಳಿಸಿದರು. ಅದೇ ಊರಿನಲ್ಲಿ ಇಂದು ಮೈನೋವಿನ ಮಾತುಗಳನ್ನು ಕೂಡಿಸುವವರು ಬೇಕಾಗಿದ್ದಾರೆ. ತಿಕೋಟಾದ ತೋಟಗಳಲ್ಲಿಯೂ ಬಬಲೇಶ್ವರದ ಸಂತೆಯಲ್ಲಿಯೂ ಸೂಲಗಿತ್ತಿಯರ ಕಟ್ಟೆಯ ಮೇಲೆಯೂ ಕುಳಿತು, ಯಾವ ನೋವಿಗೆ ಯಾವ ಹೆಸರು ಎಂದು ಕೇಳಿ, ಕಿಸೆಯಲ್ಲಿ ಹಿಡಿಯುವಂಥ ಒಂದು ಪುಸ್ತಕವನ್ನು ಮಾಡಿ ಪ್ರತಿ ವರ್ಷ ಹೊಸದಾಗಿ ಬರುವ ವಿದ್ಯಾರ್ಥಿಗಳ ಕೈಗೆ ಕೊಡುವದು ಹತ್ತಾರು ಜನ ಅಧ್ಯಾಪಕರಿಗೂ ಗೃಹಿಣಿಯರಿಗೂ ಒಂದು ಬೇಸಗೆಯ ಕೆಲಸವು. ಅದರ ಮೊದಲನೆಯ ಪುಟಕ್ಕೆ ‘ಎಣ್ಣಿ’ ಎಂಬ ಶಬ್ದವು ಸಿದ್ಧವಾಗಿಯೇ ಇದೆ.