ಗಾಡಿ ಹೊರುವವನ ಮೇಲೆ ಗಾಡಿಯ ಸವಾರಿ

ಹೊಗೆಯಿಲ್ಲದ ಗಾಡಿ ಬಂತು, ಪೆಟ್ರೋಲಿನ ಖರ್ಚು ತಪ್ಪಿತು, ಊರಿನ ಗಾಳಿ ಶುದ್ಧವಾಗುತ್ತದೆ ಎಂದು ಸರಕಾರದವರೂ ಕಂಪೆನಿಗಳೂ ಕೂಡಿ ಡಂಗುರ ಸಾರುತ್ತಿದ್ದಾರೆ. ಗಾಡಿ ಒಳ್ಳೆಯದೇ. ಅದರ ಮೇಲೆ ನಮ್ಮ ತಕರಾರಿಲ್ಲ. ನಾವು ಕೇಳುವುದು ಇಷ್ಟೆ: ಹಗಲೆಲ್ಲ ಆ ಗಾಡಿಯ ಮೇಲೆ ಊರಿಗೆ ಊಟ ಹಂಚಿದವನು ರಾತ್ರಿ ತನ್ನ ಮನೆಗೆ ಬಂದಾಗ ಅದನ್ನು ಎಲ್ಲಿ ನಿಲ್ಲಿಸಬೇಕು? ಎಲ್ಲಿ ಚಾರ್ಜಿಗೆ ಹಾಕಬೇಕು? ಇದಕ್ಕೆ ಯಾವ ಯೋಜನೆಯಲ್ಲಿಯೂ ಉತ್ತರವಿಲ್ಲ. ಯೋಜನೆ ಬರೆದವರು ಬಿಟ್ಟ ಜಾಗವನ್ನು ಅವನು ತನ್ನ ಬೆನ್ನಿನಿಂದ ತುಂಬುತ್ತಿದ್ದಾನೆ. ಗಾಡಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದಾನೆ.

ಬೆಂಗಳೂರಿನ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂವತ್ತು-ನಲವತ್ತರ ನಿವೇಶನ, ಅಂದರೆ 1,200 ಚದರ ಅಡಿ. ಅದರ ಮೇಲೆ ನಾಲ್ಕು ಅಂತಸ್ತು. ಕೆಳಗೆ ಮಾಲೀಕರ ಕಾರು, ನೀರಿನ ಸಂಪು, ಮೋಟಾರು. ಮೊದಲ ಮಹಡಿಯಲ್ಲಿ ಮಾಲೀಕರ ಸಂಸಾರ. ಎರಡು, ಮೂರು ಮತ್ತು ತಾರಸಿಯ ಮೇಲಿನ ಒಂಟಿ ಕೋಣೆಗಳಲ್ಲಿ ಬಾಡಿಗೆಯವರು. ಲಿಫ್ಟಿನ ಮಾತೇ ಇಲ್ಲ. ಮೇಲೆ ಹೋದಂತೆ ಬಾಡಿಗೆ ಇಳಿಯುತ್ತದೆ, ಬಡವನು ಮೇಲಕ್ಕೇರುತ್ತಾನೆ. ಮಳೆ ಬಾರದೆ ನಮ್ಮ ತಾಲ್ಲೂಕುಗಳಿಂದ ಹೊರಟ ಹುಡುಗರು, ಉತ್ತರ ಕರ್ನಾಟಕದಿಂದ ಬಂದವರು, ಒಡಿಶಾ ಅಸ್ಸಾಮುಗಳಿಂದ ಬಂದವರು ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರಂತೆ ಇರುವುದು ಅಲ್ಲಿಯೆ. ಅವರಲ್ಲಿ ಅನೇಕರ ಜೀವನಾಧಾರ ಈ ಬ್ಯಾಟರಿ ಗಾಡಿ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ ಗಾಡಿಗೆ ಲೈಸೆನ್ಸು ಬೇಡ, ನೋಂದಣಿ ಬೇಡ. ಲೈಸೆನ್ಸಿಲ್ಲದ ಹುಡುಗನಿಗೂ ಕೆಲಸ ಸಿಕ್ಕುವುದು ಅದರಿಂದಲೇ.

ಈಗ ತೂಕದ ಲೆಕ್ಕ ನೋಡೋಣ. ನಮ್ಮ ಹಳೆಯ ಕಪ್ಪು ಸೈಕಲ್ಲು ಸುಮಾರು 20 ಕಿಲೋ. ಅದಕ್ಕೆ ಮೋಟಾರು, ಬ್ಯಾಟರಿ, ಗಟ್ಟಿ ಚೌಕಟ್ಟು ಸೇರಿದರೆ 25, 30 ಕಿಲೋ ಆಗುತ್ತದೆ. ಮೋಟಾರು ಹಿಂದಿನ ಚಕ್ರದ ನಡುವೆ ಇದ್ದರೆ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ನಡುವೆ ಹಿಡಿದು ಎತ್ತಿದರೆ ಮುಂಭಾಗ ಮೇಲಕ್ಕೆ ಹಾರಿ ಹಿಂಭಾಗ ಮೊಣಕಾಲಿಗೆ ಬಡಿಯುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲಿನ ಎತ್ತರ 19 ಸೆಂಟಿಮೀಟರು ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಸಂಹಿತೆಯನ್ನು ಅಕ್ಷರಶಃ ಪಾಲಿಸಿದ ಮನೆ ಎಂದೇ ಹಿಡಿಯೋಣ. ಒಂದು ಅಂತಸ್ತಿಗೆ 16 ಮೆಟ್ಟಿಲು. ಮೂರನೆಯ ಮಹಡಿಗೆ 48. ಆ ಏರು 37 ಡಿಗ್ರಿಯಷ್ಟು ಕಡಿದು. ನಡುವಿನ ತಿರುವಿನ ಕಟ್ಟೆ ಒಂದು ಮೀಟರಿನದಾದರೆ ಗಾಡಿಯ ಉದ್ದ ಒಂದೂಮುಕ್ಕಾಲು ಮೀಟರು. ಆದ್ದರಿಂದ ಪ್ರತಿ ತಿರುವಿನಲ್ಲೂ ಗಾಡಿಯನ್ನು ಹಿಂದಿನ ಚಕ್ರದ ಮೇಲೆ ಕುದುರೆಯಂತೆ ನಿಲ್ಲಿಸಿ ತಿರುಗಿಸಬೇಕು. ಹತ್ತು ಹನ್ನೆರಡು ಗಂಟೆ ದುಡಿದು ಬಂದ ದೇಹ ಇದನ್ನು ರಾತ್ರಿ ಹನ್ನೊಂದಕ್ಕೆ ಮಾಡಬೇಕು, ಬೆಳಿಗ್ಗೆ ಇಳಿಸಬೇಕು.

ಇದರಲ್ಲಿ ಒಂದು ವಿಪರ್ಯಾಸವುಂಟು. 30 ಕಿಲೋ ತೂಕವನ್ನು ಮೂರು ಅಂತಸ್ತು, ಅಂದರೆ 9 ಮೀಟರು ಮೇಲಕ್ಕೆತ್ತಲು ಬೇಕಾಗುವ ವಿದ್ಯುತ್ತು ಒಂದು ವಾಟ್-ಗಂಟೆಗೂ ಕಡಿಮೆ. ಆ ಗಾಡಿಯ 36 ವೋಲ್ಟು, 10 ಆಂಪಿಯರ್-ಗಂಟೆಯ ಬ್ಯಾಟರಿಯೊಳಗೆ ಇರುವುದು 360 ವಾಟ್-ಗಂಟೆ. ತನ್ನನ್ನು ತಾನು ನೂರಾರು ಸಲ ಮೂರನೆಯ ಮಹಡಿಗೆ ಎತ್ತಿಕೊಳ್ಳುವಷ್ಟು ಶಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರವನ್ನು, ಹೊಟ್ಟೆಗಿಲ್ಲದ ಮನುಷ್ಯ ಹೊತ್ತುಕೊಂಡು ಹೋಗುತ್ತಾನೆ! ಕೆಲವು ಗಾಡಿಗಳಲ್ಲಿ ನಡಿಗೆಯ ವೇಗದಲ್ಲಿ ಚಕ್ರ ತಿರುಗಿಸುವ ಗುಂಡಿಯುಂಟು. ಮೆಟ್ಟಿಲ ಪಕ್ಕದಲ್ಲಿ ಗೋಡೆಯುದ್ದಕ್ಕೂ ಒಂದು ಅಂಗೈ ಅಗಲದ ಕಬ್ಬಿಣದ ಓಣಿ ಕೂಡಿಸಿದರೆ ಚಕ್ರ ಅದರಲ್ಲಿ ಉರುಳಿ, ಮೋಟಾರೇ ಬಹುಪಾಲು ಭಾರ ತಳ್ಳಿಕೊಳ್ಳುತ್ತದೆ. ಮೋಟಾರಿನ ಸಹಾಯವಿಲ್ಲದಿದ್ದರೂ 30 ಕಿಲೋ ಎತ್ತುವ ಬದಲು 18 ಕಿಲೋದಷ್ಟು ಬಲದಿಂದ ನೂಕಿದರಾಯಿತು. ಇದು ವೆಲ್ಡಿಂಗ್ ಅಂಗಡಿಯವನ ಅರ್ಧ ದಿನದ ಕೆಲಸ. ಆದರೆ ಬಾಡಿಗೆ ತೆಗೆದುಕೊಳ್ಳುವವರಿಗೆ ಅದರ ಅಗತ್ಯ ಕಾಣದು. ಮೆಟ್ಟಿಲು ಹತ್ತುವವರು ಅವರಲ್ಲವಷ್ಟೆ.

‘ಅಷ್ಟು ಕಷ್ಟವಿದ್ದರೆ ಗಾಡಿಯನ್ನು ಕೆಳಗೇ ಬಿಡಬಾರದೆ?’ ಎಂದು ಕೇಳುವ ಬುದ್ಧಿವಂತರಿದ್ದಾರೆ. ಬಿಡಬಹುದಿತ್ತು, ಕೆಳಗೆ ಜಾಗವಿದ್ದಿದ್ದರೆ. ಕೆಳಗಿನ ಜಾಗ ಕಾರಿನದು. ಬೀದಿಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಬ್ಯಾಟರಿ ಮಾಯವಾಗುತ್ತದೆ. ಬ್ಯಾಟರಿಯೆಂದರೆ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು, ಅವನ ಮಟ್ಟಿಗೆ ತಿಂಗಳ ಅನ್ನ. ಇನ್ನು ವಿದ್ಯುತ್ತು. ಅವನ ಮೀಟರು ಅವನ ಕೋಣೆಗೆ ಸೇರಿದ್ದು, ಪ್ಲಗ್ಗು ಇರುವುದು ಮೇಲೆ. ಕೆಳಗಿನ ಪ್ಲಗ್ಗು ಮಾಲೀಕರ ಮೀಟರಿನದು. ಅದಕ್ಕೆ ಕೈ ಹಾಕಿದರೆ ರಂಪವಾಗುತ್ತದೆ. ಒಂದು ರಾತ್ರಿಯ ಚಾರ್ಜಿಗೆ ಬೇಕಾಗುವುದು ಅರ್ಧ ಯೂನಿಟ್ಟಿಗೂ ಕಡಿಮೆ; ತಿಂಗಳಿಗೆ ಹನ್ನೆರಡು ಹದಿಮೂರು ಯೂನಿಟ್ಟು. 2023ರಲ್ಲಿ ಗೃಹಜ್ಯೋತಿ ಬಂದು ಮನೆಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ತು ಸಿಕ್ಕಿತು. ಮನೆಯ ಸಂಪರ್ಕದಿಂದಲೇ ಗಾಡಿ ಚಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ಎಲ್ಲ ಸರಿ. ಆದರೆ ಸವಲತ್ತು ಮೂರನೆಯ ಮಹಡಿಯಲ್ಲಿ, ಗಾಡಿ ನೆಲದ ಮೇಲೆ. ಎರಡರ ನಡುವೆ 48 ಮೆಟ್ಟಿಲು. ಭಾರದ ಸ್ಕೂಟರಿನವರು ಕಿಟಕಿಯಿಂದ ವೈರು ಇಳಿಬಿಟ್ಟು ಮಳೆಯಲ್ಲೇ ಚಾರ್ಜು ಮಾಡುತ್ತಾರೆ. ಹಗುರ ಗಾಡಿಯವರು ಹೊರುತ್ತಾರೆ. ಒಂದರಲ್ಲಿ ಪ್ರಾಣಕ್ಕೆ ಅಪಾಯ, ಇನ್ನೊಂದರಲ್ಲಿ ಸೊಂಟಕ್ಕೆ.

‘ಬ್ಯಾಟರಿಯನ್ನಷ್ಟೇ ಕಳಚಿ ಒಯ್ಯಲಿ’ ಎಂಬುದು ಎರಡನೆಯ ಸಲಹೆ. ಬ್ಯಾಟರಿ ಕಳಚಲು ಬಾರದ ಅಗ್ಗದ ಗಾಡಿಗಳೂ ಉಂಟು. ಕಳಚಿ ಒಯ್ದರೂ ಇಡುವುದೆಲ್ಲಿ? ಹತ್ತು-ಹತ್ತರ ಕೋಣೆ, ಒಂದು ಮೂಲೆಯಲ್ಲಿ ಗ್ಯಾಸಿನ ಒಲೆ, ಒಂದು ಬಾಗಿಲು. ಆ ಬಾಗಿಲ ಪಕ್ಕದಲ್ಲಿ ಚಾರ್ಜಿಗಿಟ್ಟ ಬ್ಯಾಟರಿ, ಅದರ ಆಚೆ ಮಲಗಿದ ಮೂವರು. ನ್ಯೂಯಾರ್ಕಿನಲ್ಲಿ ಊಟ ಹಂಚುವವರು, ಬಹುಮಟ್ಟಿಗೆ ಪರದೇಶಗಳಿಂದ ಬಂದ ಬಡವರು, ಇದೇ ರೀತಿ ಗಾಡಿಗಳನ್ನು ಹಳೆಯ ಕಟ್ಟಡಗಳ ಮೆಟ್ಟಿಲು ಹತ್ತಿಸಿ ಮನೆಯೊಳಗೆ ಚಾರ್ಜು ಮಾಡಬೇಕಾಗಿ ಬಂತು. ಲಿಥಿಯಂ ಬ್ಯಾಟರಿಗಳ ಬೆಂಕಿಯಿಂದ ಆ ಒಂದು ನಗರದಲ್ಲಿ 2023ರಲ್ಲಿ 18 ಜನ ಸತ್ತರು. ಪರೀಕ್ಷೆಯಾಗದ ಬ್ಯಾಟರಿ ಮಾರಬಾರದೆಂಬ ಕಾನೂನು ಜಾರಿಗೆ ಬಂದದ್ದು ಅದೇ ವರ್ಷ.

ಬೆಂಕಿಯ ಮಾತು ಬಂದೊಡನೆ ಮನೆ ಮಾಲೀಕರೂ ಅಪಾರ್ಟ್‌ಮೆಂಟ್ ಸಂಘಗಳೂ ಎದ್ದು ನಿಲ್ಲುತ್ತಾರೆ. ‘ನಾವು ಹೇಳಿದ್ದೂ ಅದನ್ನೆ, ಆದ್ದರಿಂದಲೇ ನಮ್ಮ ಕಟ್ಟಡದಲ್ಲಿ ಬ್ಯಾಟರಿ ಗಾಡಿ ಕೂಡದು’ ಎನ್ನುತ್ತಾರೆ. ಅವರ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಒಂದು ಹೋಟೆಲಿನ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರಿನ ಮಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲಕ್ಕೇರಿ, ತಂಗಿದ್ದವರಲ್ಲಿ 8 ಜನ ಪ್ರಾಣ ಕಳೆದುಕೊಂಡರು. ಆ ವರ್ಷದ ಅನಾಹುತಗಳಾದ ಮೇಲೆಯೇ ಕೇಂದ್ರವು ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿತು. ಆದ್ದರಿಂದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗಾಡಿಗಳನ್ನು ತುರುಕಿ ಅದನ್ನೇ ವ್ಯವಸ್ಥೆ ಎನ್ನಲಾಗದು. ಮೆಟ್ಟಿಲೊಂದೇ ಓಡಿಹೋಗುವ ದಾರಿ. ಅದರ ಬುಡದಲ್ಲಿ ಬೆಂಕಿಯ ಕಾರಣವನ್ನು ಕೂಡಿಸಬಾರದು. ಆದರೆ ಈ ಭಯದಿಂದ ಹೊರಡುವ ತೀರ್ಮಾನ ಯಾವುದು? ಗಾಡಿ ನೆಲದ ಮೇಲೆ, ಗಾಳಿಯಾಡುವ, ಬೀಗ ಹಾಕುವ, ಮೆಟ್ಟಿಲಿನಿಂದ ದೂರವಿರುವ ಒಂದು ಪ್ರತ್ಯೇಕ ಜಾಗದಲ್ಲಿರಬೇಕು ಎಂಬುದು. ಮಾಲೀಕರು ಅರ್ಧ ತರ್ಕ ಮಾಡಿ ನಿಲ್ಲಿಸುತ್ತಾರೆ: ಕೆಳಗೆ ಬೇಡ ಎನ್ನುತ್ತಾರೆ, ಜಾಗ ಕೊಡುವುದಿಲ್ಲ. ಹಾಗಾದರೆ ಬೆಂಕಿ ಮಲಗುವ ಕೋಣೆಗೆ ಹೋಗುತ್ತದೆ. ಕಾರನ್ನು ಉಳಿಸಿ ಮನುಷ್ಯರನ್ನು ಒತ್ತೆಯಿಡುವ ಇದು ಎಂಥ ಸುರಕ್ಷತೆ?

ಸರಕಾರದ ಬಳಿ ಹಣವಿರಲಿಲ್ಲವೆ? ಇತ್ತು. ಎಲೆಕ್ಟ್ರಿಕ್ ವಾಹನಗಳಿಗೆ ಒಂದು ನೀತಿಯನ್ನೇ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಕೇಂದ್ರವು 2019ರಲ್ಲಿ ಫೇಮ್ ಯೋಜನೆಯ ಎರಡನೆಯ ಹಂತಕ್ಕೆ 10,000 ಕೋಟಿ ರೂಪಾಯಿ, 2024ರಲ್ಲಿ ಪಿ.ಎಂ. ಇ-ಡ್ರೈವಿಗೆ 10,900 ಕೋಟಿ ರೂಪಾಯಿ ಘೋಷಿಸಿತು. ಆ ಹಣ ವಾಹನ ಮಾರುವ ಕಡೆಗೆ ಹರಿಯಿತು, ರಸ್ತೆ ಬದಿಯ ಚಾರ್ಜಿಂಗ್ ನಿಲ್ದಾಣಗಳಿಗೂ ಹರಿಯಿತು. 2019ರಲ್ಲಿ ತಿದ್ದಿದ ಮಾದರಿ ಕಟ್ಟಡ ನಿಯಮ, ಹೊಸ ಕಟ್ಟಡದ ವಾಹನ ನಿಲುಗಡೆಯಲ್ಲಿ ಶೇಕಡಾ 20ರಷ್ಟಕ್ಕೆ ಚಾರ್ಜಿನ ಅನುಕೂಲವಿರಲಿ ಎಂದಿತು. ನಿಲುಗಡೆಯೇ ಇಲ್ಲದ ಮನೆಯ ಶೇಕಡಾ 20 ಎಷ್ಟು? ಸೊನ್ನೆಯ ಐದನೆಯ ಒಂದು ಭಾಗವೂ ಸೊನ್ನೆಯೆ. ಕಾರಿದ್ದವನಿಗೆ ಪ್ಲಗ್ಗು ಬಂತು. ಕೋಣೆಯವನಿಗೆ ಉಪದೇಶ ಬಂತು. ನೆದರ್ಲೆಂಡಿನವರು 2012ರ ಕಟ್ಟಡ ನಿಯಮದಲ್ಲಿ ಹೊಸ ಮನೆಗಳಿಗೆ ಸೈಕಲ್ಲಿಡಬಹುದಾದ 5 ಚದರ ಮೀಟರಿನ ಉಗ್ರಾಣವನ್ನು ಕಡ್ಡಾಯ ಮಾಡಿದರು. ಅಲ್ಲಿ ಅಡಿಗೆಮನೆಯಷ್ಟೇ ಸಹಜವಾದದ್ದು ಇಲ್ಲಿ ಭಿಕ್ಷೆಯಾಗಿದೆ.

ಇನ್ನು ಕಂಪೆನಿಗಳು. ಇವು ದುಡಿಯುವವನನ್ನು ಕಾರ್ಮಿಕ ಎನ್ನುವುದಿಲ್ಲ, ‘ಪಾಲುದಾರ’ ಎನ್ನುತ್ತವೆ. ಪಾಲು ಏನೆಂದು ಈಗ ತಿಳಿಯಿತು: ಲಾಭ ಅವರದು, ಭಾರ ಇವನದು. ಮನುಷ್ಯನಿಗೆ ಗಾಯವಾಗುವಷ್ಟು ಭಾರವನ್ನು ಅವನಿಂದ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯಿದೆಯ 34ನೆಯ ಕಲಮು ಹೇಳಿತ್ತು. ಕ್ವಿಂಟಾಲು ಚೀಲ ಹೊರುತ್ತಿದ್ದ ಹಮಾಲರ ಬೆನ್ನಿಗೆ ಈಗ 50 ಕಿಲೋ ಚೀಲ ಬಂದಿದೆ. ಹಮಾಲಿಗೆ ಚೀಲಕ್ಕಿಷ್ಟು ಎಂದು ಕೂಲಿಯೂ ಉಂಟು. ಆದರೆ ತನ್ನ ಕೆಲಸದ ಗಾಡಿಯನ್ನು ಮೂರನೆಯ ಮಹಡಿಗೆ ಹೊತ್ತವನಿಗೆ ಕೂಲಿಯಿಲ್ಲ, ಕಾನೂನಿಲ್ಲ. ಅದು ಅವನ ‘ಸ್ವಂತ ವಿಷಯ’. ಕಾರ್ಖಾನೆಯ ಯಂತ್ರವನ್ನು ರಾತ್ರಿ ಮನೆಗೆ ಹೊತ್ತುಕೊಂಡು ಹೋಗು, ನಿನ್ನ ಖರ್ಚಿನಲ್ಲಿ ಎಣ್ಣೆ ಹಾಕಿ ಬೆಳಿಗ್ಗೆ ತೆಗೆದುಕೊಂಡು ಬಾ ಎಂದು ಯಾವ ಗಿರಣಿಯವರೂ ಹೇಳುವ ಧೈರ್ಯ ಮಾಡಿರಲಿಲ್ಲ. ಈ ಹೊಸ ಧಣಿಗಳು ಅದನ್ನು ಹೇಳದೆಯೇ ಮಾಡಿಸಿಕೊಂಡರು.

ಅದೇ ಹುಡುಗ ದೊಡ್ಡ ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಅಂತಸ್ತಿಗೆ ಬಿಸಿ ಊಟ ಒಯ್ಯುತ್ತಾನೆ. ಅಲ್ಲಿ ಲಿಫ್ಟು ಎರಡು. ಒಂದು ಮನೆಯವರಿಗೆ, ಇನ್ನೊಂದು ಸಾಮಾನಿಗೆ, ಕೆಲಸದವರಿಗೆ ಮತ್ತು ಅವನಿಗೆ. ಅರ್ಧ ಕಿಲೋ ಬಿರಿಯಾನಿಗೆ ಲಿಫ್ಟುಂಟು. ಅದನ್ನು ತಂದವನ 30 ಕಿಲೋ ಗಾಡಿಗೆ ಅವನ ಮನೆಯಲ್ಲಿ ಒಂದು ಕಬ್ಬಿಣದ ಓಣಿಯೂ ಇಲ್ಲ. ಸಮಾನತೆಯ ಮೇಲೆ ಗ್ರಂಥ ಓದಬೇಕಾಗಿಲ್ಲ. ಈ ಎರಡು ಮೆಟ್ಟಿಲುಗಳನ್ನು ನೋಡಿದರೆ ಸಾಕು.

ನಮ್ಮ ಬೇಡಿಕೆ ಆಕಾಶದ್ದಲ್ಲ, ನೆಲದ ಮೇಲಿನದು. ಮೊದಲನೆಯದಾಗಿ, ಮೂರಕ್ಕಿಂತ ಹೆಚ್ಚು ಬಾಡಿಗೆ ಮನೆಗಳಿರುವ ಪ್ರತಿ ಕಟ್ಟಡದ ನೆಲ ಅಂತಸ್ತಿನಲ್ಲಿ, ಮೆಟ್ಟಿಲಿಗೆ ತಗಲದಂತೆ, ಗಾಳಿಯಾಡುವ ಒಂದು ಗಾಡಿ ಕಟ್ಟೆ ಮತ್ತು ಬಾಡಿಗೆಯವನ ಮೀಟರಿಗೇ ಸೇರಿದ ಒಂದು ಪ್ಲಗ್ಗು ಇರಬೇಕು. ಒಂದು ಕಾರಿನ ಜಾಗದಲ್ಲಿ ಆರು ಗಾಡಿ ನಿಲ್ಲುತ್ತವೆ. ಎರಡನೆಯದಾಗಿ, ಜಾಗವೇ ಇಲ್ಲದ ಹಳೆಯ ಕಟ್ಟಡಗಳ ಬೀದಿಗಳಲ್ಲಿ ಪಾಲಿಕೆಯೇ ವಾರ್ಡಿಗೆ ಕೆಲವು ರಾತ್ರಿ ನಿಲ್ದಾಣಗಳನ್ನು ಕಾವಲಿನೊಡನೆ ಕಟ್ಟಬೇಕು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದವರಿಗೆ ಐದು ಪಾಲಿಕೆಯ ಕೆಲಸವೂ ಬೇಕಷ್ಟೆ. ಮೂರನೆಯದಾಗಿ, ಅಲ್ಲಿಯವರೆಗೆ ಮೆಟ್ಟಿಲಿಗೆ ಚಕ್ರದ ಓಣಿ ಹಾಕಿಸುವ ಹಕ್ಕು ಬಾಡಿಗೆಯವನಿಗಿರಬೇಕು. ಮಾಲೀಕರು ಅಡ್ಡಿ ಮಾಡಕೂಡದು.

ಖರ್ಚು ಯಾರದು? ಈ ಗಾಡಿಗಳಿಂದ ಲಾಭ ಮಾಡುವ ಕಂಪೆನಿಗಳದು. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯಿದೆ ಕಂಪೆನಿಗಳಿಂದ, ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಲು ಅವಕಾಶ ಕೊಟ್ಟಿದೆ. ಆ ನಿಧಿಯಿಂದಲೇ ತೆಗೆಯೋಣ ಎಂದು ಯಾರಾದರೂ ಜಾಣತನ ತೋರಿಸಬಹುದು. ಅದನ್ನು ಒಪ್ಪಬಾರದು. ಆ ಹಣ ಕಾಯಿಲೆಗೆ, ಅಪಘಾತಕ್ಕೆ, ಮುಪ್ಪಿಗೆ. ಗಾಡಿಯ ಕೊಟ್ಟಿಗೆ ಧಣಿಯ ಖರ್ಚು. ಎತ್ತು ಯಾರ ಹೊಲ ಉಳುತ್ತದೆಯೋ ಅವನೇ ಕೊಟ್ಟಿಗೆ ಕಟ್ಟಬೇಕು.

ಇದು ಬೆಂಗಳೂರಿನ ಗೋಳು, ನಮಗೇಕೆ ಎಂದು ನಮ್ಮ ಜಿಲ್ಲೆಯ ಓದುಗರು ಪುಟ ತಿರುಗಿಸಬಾರದು. ಹೊರುತ್ತಿರುವವರು ನಮ್ಮ ಮಕ್ಕಳು. ಊಟ ಹಂಚುವ ಕಂಪೆನಿಗಳು ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿವೆ. ಅವುಗಳ ಹಿಂದೆಯೇ ಮೂವತ್ತು-ನಲವತ್ತರ ನಾಲ್ಕಂತಸ್ತುಗಳೂ ಏಳುತ್ತಿವೆ. ಬೆಂಗಳೂರಿನಲ್ಲಿ ಕಟ್ಟಿದ್ದನ್ನು ಒಡೆಯಬೇಕು. ಇಲ್ಲಿ ಕಟ್ಟುವ ಮುನ್ನವೇ ಬರೆಸಬಹುದು. ನಗರಸಭೆ ನಕ್ಷೆಗೆ ಮೊಹರು ಹಾಕುವಾಗ ಕಾರಿನ ಜಾಗ ಕೇಳುವಂತೆ ಬಡವನ ಗಾಡಿಯ ಜಾಗವನ್ನೂ ಕೇಳಲಿ. ಸದಸ್ಯರು ಮತ ಕೇಳಲು ಬಂದಾಗ ಅವರನ್ನು ಕೆಳಗೇ ಮಾತಾಡಿಸಿ ಕಳುಹಿಸಬೇಡಿ. ಮೂರನೆಯ ಮಹಡಿಗೆ ಕರೆಯಿರಿ. ಬರುವಾಗ ಗಾಡಿಯ ಒಂದು ತುದಿ ಹಿಡಿದುಕೊಳ್ಳಲು ಹೇಳಿ. 48 ಮೆಟ್ಟಿಲು ಮುಗಿಯುವುದರೊಳಗೆ ನಮ್ಮ ಬೇಡಿಕೆ ಅವರಿಗೆ ಪೂರ್ತಿ ಅರ್ಥವಾಗಿರುತ್ತದೆ.