ಜಹಾ ಹದೀದ್: ಹಣೆಪಟ್ಟಿಯ ಮರೆಯಲ್ಲಿ ಉಳಿದ ಪ್ರಶ್ನೆಗಳು

ವಾಸ್ತುಶಿಲ್ಪದ ನೊಬೆಲ್ ಎಂದೇ ಕರೆಯಲಾಗುವ ಪ್ರಿಟ್ಜ್‌ಕರ್ ಪ್ರಶಸ್ತಿ ಆರಂಭವಾದದ್ದು 1979ರಲ್ಲಿ. ಕಾಲು ಶತಮಾನದವರೆಗೆ ಅದು ಒಬ್ಬ ಮಹಿಳೆಗೂ ದಕ್ಕಿರಲಿಲ್ಲ. 2004ರಲ್ಲಿ ಅದು ಬಗ್ದಾದ್ ಸಂಜಾತೆ ಜಹಾ ಹದೀದ್‌ರಿಗೆ ಸಂದಿತು. ಅಂದು ಅವರ ಹೆಸರಿಗೆ ಅಂಟಿದ 'ಪ್ರಥಮ ಮುಸ್ಲಿಂ ಮಹಿಳೆ' ಎಂಬ ಹಣೆಪಟ್ಟಿ 2016ರ ಮಾರ್ಚ್ 31ರಂದು ಅವರು ಮಿಯಾಮಿಯಲ್ಲಿ ನಿಧನರಾದ ಮೇಲೂ ಕಳಚಲಿಲ್ಲ. ಪಾಶ್ಚಾತ್ಯ ಮಾಧ್ಯಮಗಳಿಗೆ ಅದರಿಂದ ಸಿದ್ಧಕಥೆಯೊಂದು ದೊರಕಿತು: ಕತ್ತಲ ನಾಡಿನಿಂದ ಪಾರಾಗಿ ಬಂದ ಹೆಣ್ಣಿಗೆ ಲಂಡನ್ ರೆಕ್ಕೆ ಕೊಟ್ಟಿತು! ನಮ್ಮವರಿಗೋ, ಮುಸ್ಲಿಂ ಸ್ತ್ರೀ ಬಂಧನದಲ್ಲಿದ್ದಾಳೆ ಎಂಬ ಆರೋಪಕ್ಕೆ ಥಟ್ಟನೆ ಎಸೆಯಬಹುದಾದ ಉತ್ತರವೊಂದು ಸಿಕ್ಕಿತು. ಆಕೆಯ ಬದುಕನ್ನು ಓದುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಮೊದಲು 'ಕತ್ತಲ ನಾಡಿ'ನ ವಿಚಾರ. ಜಹಾ ಜನಿಸಿದ್ದು 1950ರ ಅಕ್ಟೋಬರ್ 31ರಂದು. ತಂದೆ ಮುಹಮ್ಮದ್ ಹದೀದ್ ಮೋಸುಲ್‌ನವರು, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿದವರು, ಇರಾಕಿನ ನ್ಯಾಷನಲ್ ಡೆಮಾಕ್ರಟಿಕ್ ಪಕ್ಷದ ಸ್ಥಾಪಕರಲ್ಲೊಬ್ಬರು, 1958ರ ಕ್ರಾಂತಿಯ ನಂತರ ಹಣಕಾಸು ಸಚಿವರಾಗಿದ್ದವರು. ತಾಯಿ ಚಿತ್ರಕಲಾವಿದೆ. ಆ ದಶಕದ ಬಗ್ದಾದ್, ತೈಲದ ಆದಾಯದಿಂದ ನಗರವನ್ನು ಹೊಸದಾಗಿ ಕಟ್ಟಲು ಫ್ರಾಂಕ್ ಲಾಯ್ಡ್ ರೈಟ್, ಲೆ ಕಾರ್ಬುಸಿಯೇ, ವಾಲ್ಟರ್ ಗ್ರೋಪಿಯಸ್‌ರಂತಹ ದಿಗ್ಗಜರನ್ನು ಕರೆಸಿಕೊಂಡಿತ್ತು. ಬಾಲಕಿ ಓದಿದ್ದು ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ; ಅಲ್ಲಿ ಮುಸ್ಲಿಂ, ಕ್ರೈಸ್ತ, ಯಹೂದಿ ಮಕ್ಕಳು ಒಂದೇ ಬೆಂಚಿನವರು. ಆನಂತರ ಗಣಿತ ಕಲಿಯಲು ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1972ರಲ್ಲಿ ಲಂಡನ್ನಿಗೆ ಬಂದಿಳಿಯುವಾಗ ಅವರ ಬಳಿ ಗಣಿತವೂ ಇತ್ತು, ಆತ್ಮವಿಶ್ವಾಸವೂ ಇತ್ತು. ಎರಡೂ ಅರಬ್ ನಗರಗಳ ಕೊಡುಗೆ. ಆ ಬಗ್ದಾದನ್ನು ಆಮೇಲೆ ಸರ್ವಾಧಿಕಾರ ಹಿಂಡಿತು. ದಿಗ್ಬಂಧನ ಮತ್ತು 2003ರ ಆಕ್ರಮಣ ಉಳಿದುದನ್ನು ಪೂರೈಸಿದವು. ಆ ಆಕ್ರಮಣದಲ್ಲಿ ಬ್ರಿಟನ್ನಿನ ಪಾಲೂ ಇತ್ತು ಎಂಬುದನ್ನು ರೆಕ್ಕೆ ಕೊಟ್ಟ ಕಥೆ ಹೇಳುವವರು ನೆನಪಿಸಿಕೊಳ್ಳುವುದಿಲ್ಲ.

ಇನ್ನು, ಆ ರೆಕ್ಕೆಯಾದರೂ ಎಂತಹದು? ಲಂಬಕೋನವೇ ಧರ್ಮವೆಂದು ನಂಬಿದ್ದ ಆಧುನಿಕ ವಾಸ್ತುಶಿಲ್ಪವನ್ನು ಜಹಾ ಛಿದ್ರಗೊಳಿಸಿದರು. ರಷ್ಯಾದ ಕಲಾವಿದ ಮಾಲೆವಿಚ್‌ನಿಂದ ಸ್ಫೂರ್ತಿ ಪಡೆದ ಅವರ ಚಿತ್ರಗಳಲ್ಲಿ ಗೋಡೆಗಳು ವಾಲುತ್ತವೆ, ನೆಲ ಮೇಲೇಳುತ್ತದೆ, ಕಟ್ಟಡ ಸ್ಫೋಟದ ಮಧ್ಯದಲ್ಲಿ ಸ್ತಬ್ಧಗೊಂಡಂತೆ ಕಾಣುತ್ತದೆ. 1988ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಏಳು ಮಂದಿಯ ಇಂತಹ ಕೃತಿಗಳನ್ನು 'ನಿರಚನಾವಾದಿ ವಾಸ್ತುಶಿಲ್ಪ' ಎಂಬ ಹೆಸರಿನಲ್ಲಿ ಪ್ರದರ್ಶಿಸಿದಾಗ ಅವರಲ್ಲಿದ್ದ ಏಕೈಕ ಮಹಿಳೆ ಜಹಾ. ಸಾಹಿತ್ಯದ ವಿದ್ಯಾರ್ಥಿಗಳು ಪಠ್ಯವನ್ನು ಬಿಡಿಸಲು ಬಳಸುವ ಪದವನ್ನು ಕಾಂಕ್ರೀಟಿಗೂ ಅಂಟಿಸಿದ್ದು ವಿಮರ್ಶಕರ ಚಮತ್ಕಾರ, ಇರಲಿ.

ಹೊಗಳಿಕೆ ಸಿಕ್ಕಿತು, ಕಟ್ಟಲು ಜಾಗ ಸಿಗಲಿಲ್ಲ. 1983ರಲ್ಲಿ ಹಾಂಕಾಂಗ್‌ನ ಸ್ಪರ್ಧೆ ಗೆದ್ದರೂ ಆ ಕಟ್ಟಡ ಮೇಲೇಳಲಿಲ್ಲ. 'ಕಾಗದದ ವಾಸ್ತುಶಿಲ್ಪಿ' ಎಂಬ ಕುಹಕವನ್ನು ಅವರು ವರ್ಷಗಟ್ಟಲೆ ಸಹಿಸಬೇಕಾಯಿತು. ಅವರ ಮೊದಲ ಪ್ರಮುಖ ಕಟ್ಟಡ 1993ರಲ್ಲಿ ಪೂರ್ಣಗೊಂಡ ವಿಟ್ರಾ ಅಗ್ನಿಶಾಮಕ ಠಾಣೆ. ಅದಿರುವುದು ಜರ್ಮನಿಯಲ್ಲಿ. 1994ರಲ್ಲಿ ವೇಲ್ಸ್‌ನ ಕಾರ್ಡಿಫ್ ಒಪೆರಾ ಭವನದ ಸ್ಪರ್ಧೆಯನ್ನು ಅವರು ಗೆದ್ದರು. ಮರುವರ್ಷ ಮಿಲೇನಿಯಮ್ ಆಯೋಗ ಹಣ ನಿರಾಕರಿಸಿತು. ಅದೇ ನಗರದ ರಗ್ಬಿ ಕ್ರೀಡಾಂಗಣಕ್ಕೆ ಅದೇ ಆಯೋಗದ ಹಣ ಹರಿಯಿತು. ಬೇರೆಯವರ ವಿನ್ಯಾಸದ ಕಲಾಕೇಂದ್ರ ಕಾರ್ಡಿಫ್‌ನಲ್ಲಿ ಉದ್ಘಾಟನೆಗೊಂಡಿದ್ದು 2004ರಲ್ಲಿ, ಜಹಾರಿಗೆ ಪ್ರಿಟ್ಜ್‌ಕರ್ ಬಂದ ವರ್ಷದಲ್ಲೇ! ಬ್ರಿಟನ್ನಿನ ನೆಲದ ಮೇಲೆ ಅವರ ಮೊದಲ ಶಾಶ್ವತ ಕಟ್ಟಡ ನಿಂತಿದ್ದು 2006ರಲ್ಲಿ. ಅದು ಸ್ಕಾಟ್ಲೆಂಡಿನಲ್ಲಿ ಕ್ಯಾನ್ಸರ್ ಪೀಡಿತರಿಗಾಗಿ ಕಟ್ಟಿದ ಪುಟ್ಟ ಆಸರೆ ಕೇಂದ್ರ. ವಿಮೋಚನೆಯ ಕಥೆ ಹೇಳುವವರು ಈ 34 ವರ್ಷಗಳ ಲೆಕ್ಕ ಕೊಡಲಿ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ಓದುಗರಿಗೆ ಹಿತವಾದೀತು. ಆದರೆ ಹೆಮ್ಮೆಪಡುವ ಹಕ್ಕು ಬೇಕೆನ್ನುವವರಿಗೆ ಲೆಕ್ಕ ಕೇಳುವ ಹೊಣೆಯೂ ಇದೆ. 2012ರಲ್ಲಿ ಅಝರ್‌ಬೈಜಾನಿನ ಬಾಕು ನಗರದಲ್ಲಿ ಜಹಾ ವಿನ್ಯಾಸದ ಹೈದರ್ ಅಲಿಯೇವ್ ಕೇಂದ್ರ ತೆರೆಯಿತು. ಗೋಡೆಯೆಲ್ಲಿ ಮುಗಿಯಿತು, ಛಾವಣಿಯೆಲ್ಲಿ ಆರಂಭವಾಯಿತು ಎಂದು ತಿಳಿಯದ ಆ ಬಿಳಿ ಅಲೆ ನಿಜಕ್ಕೂ ಅದ್ಭುತ. ಆದರೆ ಅದು ಹೊತ್ತಿರುವ ಹೆಸರು ಅಧ್ಯಕ್ಷ ಇಲ್ಹಾಮ್ ಅಲಿಯೇವ್‌ರ ತಂದೆಯದು. ತಂದೆಯ ನಂತರ ಗದ್ದುಗೆ ಏರಿದ್ದು ಮಗ. ಅದೇ ವರ್ಷ ಹ್ಯೂಮನ್ ರೈಟ್ಸ್ ವಾಚ್, ಬಾಕುವಿನಲ್ಲಿ ಮನೆಗಳನ್ನು ಕೆಡವಿ ಜನರನ್ನು ಬಲವಂತವಾಗಿ ಒಕ್ಕಲೆಬ್ಬಿಸಿದ್ದನ್ನು ದಾಖಲಿಸಿತ್ತು. ಅರಸೊತ್ತಿಗೆಯ ವೈಭವಕ್ಕೆ ಕಲಾವಿದ ಕೈಜೋಡಿಸುವುದು ಹಳೆಯ ರೋಗ. ಮುಸ್ಲಿಂ ಹೆಸರಿದ್ದ ಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ.

ಕತಾರಿನ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 2022ರ ವಿಶ್ವಕಪ್‌ಗಾಗಿ ಅಲ್ ವಕ್ರಾದಲ್ಲಿ ಜಹಾ ವಿನ್ಯಾಸಗೊಳಿಸಿದ ಕ್ರೀಡಾಂಗಣ ಹಾಯಿದೋಣಿಯನ್ನು ನೆನಪಿಸುತ್ತದೆ. ಕತಾರಿನಲ್ಲಿ ನೂರಾರು ಭಾರತೀಯ ಮತ್ತು ನೇಪಾಳಿ ಕಾರ್ಮಿಕರು ಸಾವಿಗೀಡಾದ ಕುರಿತು 2014ರ ಫೆಬ್ರವರಿಯಲ್ಲಿ ಕೇಳಿದಾಗ, ಅದು ಸರ್ಕಾರ ನೋಡಿಕೊಳ್ಳಬೇಕಾದ ವಿಷಯ, ವಾಸ್ತುಶಿಲ್ಪಿಯ ಕರ್ತವ್ಯವಲ್ಲ, ತನ್ನ ಕೈಯಲ್ಲಿ ಅಧಿಕಾರವಿಲ್ಲ ಎಂಬರ್ಥದ ಉತ್ತರ ನೀಡಿದರು. ಅಮೆರಿಕದ ಪತ್ರಿಕೆಯೊಂದು ಆ ಸಾವುಗಳನ್ನು ಅವರ ಕ್ರೀಡಾಂಗಣಕ್ಕೇ ತಳುಕು ಹಾಕಿತು. ಅಲ್ಲಿ ಕಾಮಗಾರಿ ಇನ್ನೂ ಆರಂಭವೇ ಆಗಿರಲಿಲ್ಲ. ಅವರು ಮೊಕದ್ದಮೆ ಹೂಡಿದರು, ಲೇಖಕ ಕ್ಷಮೆ ಯಾಚಿಸಿದ, ರಾಜಿಯಲ್ಲಿ ಬಂದ ಹಣ ಕಾರ್ಮಿಕ ಹಕ್ಕುಗಳ ಸಂಸ್ಥೆಗೆ ಹೋಯಿತು. ಆರೋಪ ಸುಳ್ಳಾಗಿತ್ತು, ಒಪ್ಪೋಣ. ಅವರು ಕೊಟ್ಟಿದ್ದ ಉತ್ತರ ಅದರಿಂದ ಸರಿಯಾಗುತ್ತದೆಯೇ? ತನ್ನ ರೇಖೆಯ ಒಂದು ತಿರುವನ್ನೂ ಬಿಟ್ಟುಕೊಡದೆ ದಶಕಗಟ್ಟಲೆ ಹಟ ಹಿಡಿದು ಗೆದ್ದವರು, ಆ ತಿರುವಿಗೆ ಕಾಂಕ್ರೀಟು ಸುರಿಯುವವನ ಮಾತು ಬಂದೊಡನೆ ಅಧಿಕಾರಹೀನರಾದದ್ದು ಹೇಗೆ? ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಷರತ್ತು ವಿಧಿಸಬಲ್ಲ ಶಕ್ತಿ ಜಗತ್ತಿನ ಯಾವ ವಾಸ್ತುಶಿಲ್ಪಿಗಾದರೂ ಇದ್ದಿದ್ದರೆ ಅದು ಜಹಾರಿಗಿತ್ತು.

ಆ ಕ್ರೀಡಾಂಗಣ ಸುಮಾರು 40,000 ಆಸನಗಳೊಂದಿಗೆ 2019ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಜಹಾ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಕರಾವಳಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಕೊಲ್ಲಿಯ ದುಡಿಮೆಯಿಂದ. ಬಿಸಿಲಿನಲ್ಲಿ ಕಬ್ಬಿಣ ಹೊರುವುದೆಂದರೇನೆಂದು ಆ ಮನೆಗಳಿಗೆ ಯಾರೂ ವಿವರಿಸಬೇಕಿಲ್ಲ. ಜಹಾರನ್ನು 2014ರಲ್ಲಿ ಪ್ರಶ್ನಿಸಿದ್ದು ಲಂಡನ್ನಿನ ಪತ್ರಿಕೆ. 'ಪ್ರಥಮ ಮುಸ್ಲಿಂ ಮಹಿಳೆ' ಎಂದು ಬೀಗುವ ನಾವು ಆ ಪ್ರಶ್ನೆಯನ್ನು ಲಂಡನ್ನಿಗೇ ಬಿಟ್ಟುಕೊಟ್ಟದ್ದೇಕೆ?